ಮಕ್ಕಳ ಅಳತೆ ಸರಿಯಿತ್ತು, ನಮ್ಮ ಹಾಳೆ ತಪ್ಪಿತ್ತು

ಬೋಧನಾಭ್ಯಾಸದ ವಾರಗಳಲ್ಲಿ ನಾವು ಮಾರ್ಗದರ್ಶಕ ಉಪನ್ಯಾಸಕರು ಬಹಳಷ್ಟನ್ನು ನೋಡುತ್ತೇವೆ. ಪಾಠಯೋಜನೆ ತಿದ್ದುತ್ತೇವೆ, ಕಪ್ಪುಹಲಗೆಯ ಬರವಣಿಗೆ ಗಮನಿಸುತ್ತೇವೆ, ಪ್ರಶ್ನೆ ಕೇಳುವ ರೀತಿಗೆ, ಧ್ವನಿಗೆ, ತರಗತಿಯಲ್ಲಿ ಓಡಾಡುವುದಕ್ಕೆ ಕೂಡ ಅಂಕ ಕೊಡುತ್ತೇವೆ. ಆದರೆ ಕೊನೆಗೆ ಮಗುವಿನ ಕೈಗೆ ಹೋಗುವ ಅಚ್ಚಾದ ಹಾಳೆಯನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಅದು ಪ್ರಿಂಟರಿನ ಕೆಲಸ, ಇಲ್ಲವೇ ಜೆರಾಕ್ಸ್ ಅಂಗಡಿಯವರ ಕೆಲಸ ಎಂದುಕೊಂಡಿದ್ದೇವೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅದು ಶಿಕ್ಷಕರ ಕೆಲಸವೇ ಹೌದು ಎಂದು ಹೇಳುವುದಕ್ಕಾಗಿ ಈ ಲೇಖನ.

ಕಾರಣ ಒಂದು ಘಟಕ ಪರೀಕ್ಷೆ. ಗಣಿತ ಬೋಧನಾ ವಿಷಯದ ಒಬ್ಬ ಪ್ರಶಿಕ್ಷಣಾರ್ಥಿ 6ನೇ ತರಗತಿಗೆ ರೇಖಾಖಂಡಗಳ ಪಾಠ ಮಾಡಿ, 25 ಅಂಕಗಳ ಪರೀಕ್ಷೆ ಸಿದ್ಧಪಡಿಸಿದ್ದಳು. ನೀಲನಕ್ಷೆ ಚೆನ್ನಾಗಿತ್ತು, ಪ್ರಶ್ನೆಗಳು ಸ್ಪಷ್ಟವಾಗಿದ್ದವು. ಅದರಲ್ಲೊಂದು ಪ್ರಶ್ನೆ: ಕೆಳಗಿನ ಐದು ರೇಖಾಖಂಡಗಳನ್ನು ಅಳೆದು ಉದ್ದ ಬರೆಯಿರಿ. ತಲಾ ಒಂದು ಅಂಕ. ಮಾದರಿ ಉತ್ತರದಲ್ಲಿ 5, 7, 8, 10 ಮತ್ತು 12 ಸೆಂ.ಮೀ. ಎಂದಿತ್ತು, 1 ಮಿ.ಮೀ. ಹೆಚ್ಚುಕಡಿಮೆಯಾದರೂ ಅಂಕ ಕೊಡಬಹುದು ಎಂದು ಆಕೆಯೇ ಬರೆದುಕೊಂಡಿದ್ದಳು. ಕಾಲೇಜಿನ ಪ್ರಿಂಟರಿನಲ್ಲಿ ತೆಗೆದ ಒಂದು ಪ್ರತಿಯನ್ನು ನನಗೆ ತೋರಿಸಿದಳು. ನಾನು ಓದಿ, ಒಂದು ಒತ್ತಕ್ಷರ ತಿದ್ದಿಸಿ, ಸಹಿ ಹಾಕಿದೆ.

ಪರೀಕ್ಷೆಯ ಹಿಂದಿನ ಸಂಜೆ ಕಾಲೇಜಿನ ಪ್ರಿಂಟರಿನ ಟೋನರ್ ಮುಗಿಯಿತು. ಆಕೆ ಪೆನ್‌ಡ್ರೈವ್ ಹಿಡಿದು ಬಸ್ ನಿಲ್ದಾಣದ ಬಳಿಯ ಅಂಗಡಿಗೆ ಹೋಗಿ, 42 ಪ್ರತಿ ತೆಗೆಸಿಕೊಂಡು, ಬೆಳಿಗ್ಗೆ ಶಾಲೆಗೆ ಹೋದಳು. ಮೂರು ದಿನದ ನಂತರ ತಿದ್ದಿದ ಉತ್ತರಪತ್ರಿಕೆಗಳನ್ನು ನನ್ನ ಮೇಜಿನ ಮೇಲಿಟ್ಟು, "ಮೇಡಂ, ಮಕ್ಕಳಿಗೆ ಸ್ಕೇಲ್ ಹಿಡಿಯೋಕೇ ಬರಲ್ಲ. ಸೊನ್ನೆಯಿಂದ ಶುರು ಮಾಡಿ ಅಂತ ಎಷ್ಟು ಸಲ ಹೇಳಿದ್ರೂ ತಪ್ಪೇ ಅಳೆದಿದ್ದಾರೆ. ಪರಿಹಾರ ಬೋಧನೆ ಮಾಡಬೇಕು" ಎಂದಳು. ಐದರಲ್ಲಿ ಐದೂ ಸರಿ ಮಾಡಿದವರು ಬೆರಳೆಣಿಕೆಯಷ್ಟು ಮಕ್ಕಳು.

ನಾನು ಪತ್ರಿಕೆಗಳನ್ನು ತಿರುವಿದೆ. ಒಬ್ಬ ಹುಡುಗ ಬರೆದಿದ್ದ: 4.8, 6.7, 7.7, 9.6, 11.5. ಐದಕ್ಕೂ ಕೆಂಪು ಗೀಟು. ಮತ್ತೊಬ್ಬಳದೂ ಬಹುತೇಕ ಅದೇ. ಇನ್ನೊಬ್ಬನದೂ ಅದೇ. ಸ್ಕೇಲ್ ಹಿಡಿಯಲು ಬಾರದ ಮಕ್ಕಳು ಹೀಗೆ ತಪ್ಪುವುದಿಲ್ಲ. ಒಬ್ಬರು ಹೆಚ್ಚು ಬರೆಯುತ್ತಾರೆ, ಒಬ್ಬರು ಕಡಿಮೆ. ಸೊನ್ನೆಯ ಬದಲು ಒಂದರಿಂದ ಅಳೆದಿದ್ದರೆ ಎಲ್ಲ ಉತ್ತರವೂ 1 ಸೆಂ.ಮೀ. ಹೆಚ್ಚಿರಬೇಕಿತ್ತು. ಇಲ್ಲಿ ಹಾಗಿರಲಿಲ್ಲ. ಗೆರೆ ಉದ್ದವಾದಷ್ಟೂ ವ್ಯತ್ಯಾಸ ಹೆಚ್ಚುತ್ತಿತ್ತು: 5ಕ್ಕೆ 2 ಮಿ.ಮೀ., 10ಕ್ಕೆ 4 ಮಿ.ಮೀ., 12ಕ್ಕೆ ಸುಮಾರು 5 ಮಿ.ಮೀ. ಎಲ್ಲವೂ ನೂರಕ್ಕೆ 96ರ ಪ್ರಮಾಣ. ಸ್ಕೇಲ್ ತೆಗೆದು ಆ ಪತ್ರಿಕೆಯ ಮೇಲೆಯೇ ಇಟ್ಟೆವು. 10 ಸೆಂ.ಮೀ. ಎಂದು ನಾವು ನಂಬಿದ್ದ ಗೆರೆ ಅಲ್ಲಿ 9.6 ಇತ್ತು.

ಮಕ್ಕಳು ಸರಿಯಾಗಿಯೇ ಅಳೆದಿದ್ದರು. ತಪ್ಪಿದ್ದು ಹಾಳೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ತಪ್ಪಿದ್ದು ನಾವಿಬ್ಬರು: ಒಂದು ಹಾಳೆಗೆ ಸಹಿ ಹಾಕಿ ಇನ್ನೊಂದು ಹಾಳೆಯನ್ನು ಮಕ್ಕಳಿಗೆ ಕೊಟ್ಟಿದ್ದೆವು.

ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಪತ್ರಿಕೆ. ಅದರಲ್ಲಿ ಒಬ್ಬ ಹುಡುಗಿ 9.6 ಎಂದು ಬರೆದು, ರಬ್ಬರಿನಿಂದ ಅಳಿಸಿ, ಮೇಲೆ 10 ಎಂದು ಬರೆದಿದ್ದಳು. ಅಳಿಸಿದ್ದು ಮಸುಕಾಗಿ ಕಾಣುತ್ತಿತ್ತು. ಅವಳಿಗೆ ಪೂರ್ಣ ಅಂಕ ಬಂದಿತ್ತು. ಆಮೇಲೆ ಕೇಳಿದಾಗ ಅವಳು ಹೇಳಿದ್ದಿಷ್ಟು: "ಮಿಸ್, ನಂಗೆ 9.6 ಬಂತು. ಆದ್ರೆ ಪರೀಕ್ಷೆಲಿ ಹಂಗೆ ಕೊಡಲ್ಲ ಅಲ್ವಾ, ಅದಕ್ಕೆ 10 ಬರ್ದೆ." ಅಂದರೆ ಕಣ್ಣಿಗೆ ಕಂಡದ್ದನ್ನು ನಂಬಿದ ಮಗುವಿಗೆ ಸೊನ್ನೆ, ಶಿಕ್ಷಕರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಿದ ಮಗುವಿಗೆ ಅಂಕ. ಅಳತೆಯ ಪಾಠದ ಕೊನೆಗೆ ನಾವು ಕಲಿಸಿದ್ದು ಇದನ್ನೇ ಎಂದಾದರೆ, ಇಡೀ ಪಾಠ ಮಾಡದೇ ಇದ್ದಿದ್ದರೂ ನಡೆಯುತ್ತಿತ್ತು.

ಹಾಳೆ ಕುಗ್ಗಿದ್ದೇಕೆ?

ಅಂಗಡಿಯವರನ್ನು ದೂರುವಂತಿಲ್ಲ. ಪ್ರಿಂಟರುಗಳು ಸಾಮಾನ್ಯವಾಗಿ ಕಾಗದದ ಅಂಚಿನವರೆಗೂ ಅಚ್ಚು ಹಾಕುವುದಿಲ್ಲ. ಲೇಸರ್ ಪ್ರಿಂಟರುಗಳು ಸುತ್ತಲೂ ಸುಮಾರು 4 ಮಿ.ಮೀ. ಬಿಡುವುದು ಸಾಮಾನ್ಯ, ಕೆಲವು ಹಳೆಯ ಇಂಕ್‌ಜೆಟ್‌ಗಳು ಕೆಳಗಡೆ ಒಂದು ಸೆಂಟಿಮೀಟರಿಗಿಂತಲೂ ಹೆಚ್ಚು ಬಿಡುತ್ತವೆ. ಗಿರಾಕಿಯ ಕಡತದ ಅಂಚು ಕತ್ತರಿಸಿಹೋಗಬಾರದೆಂದು ಅಂಗಡಿಗಳಲ್ಲಿ 'ಫಿಟ್ ಟು ಪೇಜ್' ಆಯ್ಕೆಯನ್ನು ಖಾಯಂ ಇಟ್ಟಿರುತ್ತಾರೆ. ಎ4 ಹಾಳೆಯ ಅಗಲ 210 ಮಿ.ಮೀ. ಎರಡೂ ಬದಿ 4 ಮಿ.ಮೀ. ಕಳೆದರೆ ಉಳಿಯುವುದು 202. ಇಡೀ ಪುಟವನ್ನು ಅಷ್ಟರೊಳಗೆ ತೂರಿಸಬೇಕೆಂದರೆ 202ನ್ನು 210ರಿಂದ ಭಾಗಿಸಿದಷ್ಟು, ಅಂದರೆ ಸುಮಾರು ಶೇ. 96ಕ್ಕೆ ಕುಗ್ಗಿಸಬೇಕು. ನಮ್ಮ ಹುಡುಗ ಬರೆದ 9.6 ಬಂದದ್ದು ಇಲ್ಲಿಂದ. ಬಿಡುವ ಅಂಚು ಪ್ರಿಂಟರಿನಿಂದ ಪ್ರಿಂಟರಿಗೆ ಬೇರೆಯಾದ್ದರಿಂದ ಕುಗ್ಗುವ ಪ್ರಮಾಣವೂ ಬೇರೆ.

ಇನ್ನೊಂದು ದಾರಿಯಲ್ಲೂ ಇದೇ ಎಡವಟ್ಟು ಆಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪುಟದ ಅಳತೆ ಅಮೆರಿಕದ 'ಲೆಟರ್' ಎಂದೇ ಇರುತ್ತದೆ: 215.9 x 279.4 ಮಿ.ಮೀ. ನಮ್ಮಲ್ಲಿ ಸಿಗುವ ಕಾಗದ ಎ4: 210 x 297. ಲೆಟರ್ ಅಳತೆಯ ಪುಟವನ್ನು ಎ4ಗೆ ಹೊಂದಿಸಿದರೆ ಶೇ. 97ಕ್ಕೆ ಕುಗ್ಗುತ್ತದೆ. ಕಾಗದ ಉಳಿಸಲು ಒಂದು ಹಾಳೆಯಲ್ಲಿ ಎರಡು ಪುಟ ಹಾಕಿಸಿದರಂತೂ ಶೇ. 71, ಹತ್ತು ಸೆಂಟಿಮೀಟರು ಏಳಾಗುತ್ತದೆ.

"ಪಿಡಿಎಫ್ ಮಾಡಿದ್ದೆನಲ್ಲ ಮೇಡಂ, ಅದು ಎಲ್ಲಿ ತೆಗೆದರೂ ಒಂದೇ ಥರ ಬರಬೇಕಲ್ವಾ?" ಎಂದು ಆಕೆ ಕೇಳಿದ್ದು ಸಹಜವೇ. 1993ರಲ್ಲಿ ಅಡೋಬಿ ಸಂಸ್ಥೆ ಪಿಡಿಎಫ್ ಹೊರತಂದದ್ದೇ ಅದಕ್ಕಾಗಿ. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಅಕ್ಷರ, ಸಾಲು, ಚಿತ್ರ, ಪುಟದ ಜೋಡಣೆ ಅದರಲ್ಲಿ ಭದ್ರವಾಗಿರುತ್ತದೆ. ಆದರೆ ಆ ಪುಟವನ್ನು ಎಷ್ಟು ದೊಡ್ಡದಾಗಿ ಅಚ್ಚು ಹಾಕಬೇಕು ಎಂಬುದು ಪ್ರಿಂಟ್ ಗುಂಡಿ ಒತ್ತುವ ಕ್ಷಣದಲ್ಲಿ, ಒತ್ತುವವರ ಕೈಯಲ್ಲಿ ತೀರ್ಮಾನವಾಗುತ್ತದೆ. ಪಿಡಿಎಫ್ ಆಕಾರ ಕಾಯುತ್ತದೆ. ಅಳತೆ ಕಾಯಬೇಕಾದವರು ನಾವು.

ಇದು ಹೊಸ ಕಾಯಿಲೆಯಲ್ಲ

ಪಾಠ ಮಾಡಲು ಬರುವ ಮುನ್ನ ನಾನು ಕೆಲಕಾಲ ಕಂಪ್ಯೂಟರ್ ಕಲಿತಿದ್ದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ಕಾಲ. ಅಂಕಪಟ್ಟಿ ಮುದ್ರಿಸುವ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ಆ ಪ್ರಿಂಟರುಗಳು ಇಂಚಿಗೆ 6 ಸಾಲು ಹಾಕುತ್ತಿದ್ದವು. 11 ಇಂಚಿನ ಹಾಳೆಗೆ 66 ಸಾಲು. ಹಾಗಾಗಿ ಪ್ರತಿ ಪುಟಕ್ಕೂ ತಲೆಬರಹ, ಹೆಸರುಗಳು, ಉಳಿದಷ್ಟು ಖಾಲಿ ಸಾಲು ಸೇರಿಸಿ ಒಟ್ಟು 66 ಲೆಕ್ಕ ಹಾಕಿದ್ದೆ. ಕಲಿತ ಜಾಗದಲ್ಲಿ ಅಚ್ಚುಕಟ್ಟಾಗಿ ಬಂತು. ಬೇರೊಂದು ಕಚೇರಿಯಲ್ಲಿ ಓಡಿಸಿದಾಗ ಎರಡನೆಯ ಪುಟದ ತಲೆಬರಹ ಮೊದಲ ಹಾಳೆಯ ಬುಡದಲ್ಲೇ ಬಂತು. ಮೂರನೆಯದು ಇನ್ನಷ್ಟು ಮೇಲೆ. ಅವರ ಬಳಿ ಇದ್ದದ್ದು 12 ಇಂಚಿನ ಹಾಳೆ, 72 ಸಾಲಿನದು. ಪ್ರತಿ ಪುಟಕ್ಕೂ 6 ಸಾಲು, ಅಂದರೆ ಒಂದಿಂಚು ಸರಿಯುತ್ತಾ ಹೋಗಿ, 11 ಹಾಳೆ ಕಳೆದ ಮೇಲೆ ಮತ್ತೆ ತನ್ನಷ್ಟಕ್ಕೇ ಸರಿಹೋಯಿತು!

ಅಲ್ಲಿನ ಹಿರಿಯ ಆಪರೇಟರ್ ನಗುತ್ತಾ, "ಖಾಲಿ ಸಾಲು ಎಣಿಸಬೇಡಿ ಮೇಡಂ. ಪುಟ ಮುಗೀತು ಅಂತ ಪ್ರಿಂಟರಿಗೆ ಹೇಳಿ, ಅದೇ ಹಾರಿಸುತ್ತೆ" ಎಂದರು. ಅದಕ್ಕೆಂದೇ ಒಂದು ಸಂಕೇತವಿದೆ, 'ಫಾರ್ಮ್ ಫೀಡ್', ಆಸ್ಕಿ ಪಟ್ಟಿಯಲ್ಲಿ 12ನೆಯದು. ಹಾಳೆ 11 ಇಂಚಿನದೋ 12 ಇಂಚಿನದೋ ಎಂದು ಪ್ರಿಂಟರಿಗೆ ತಿಳಿಸುವ ಪುಟ್ಟ ಸ್ವಿಚ್ಚನ್ನೂ ಅವರು ತೋರಿಸಿದರು. ನನ್ನ ಪ್ರೋಗ್ರಾಮಿನಲ್ಲಿ ತಪ್ಪು ಲೆಕ್ಕವಿರಲಿಲ್ಲ. ನನ್ನ ಪ್ರಿಂಟರಿನ ಹಾಳೆಯೇ ಎಲ್ಲರ ಹಾಳೆ ಎಂಬ ನಂಬಿಕೆಯಲ್ಲಿ ತಪ್ಪಿತ್ತು.

ಇಂದಿನ ಪ್ರಶಿಕ್ಷಣಾರ್ಥಿಗಳ ಕಡತ ನೋಡಿದಾಗ ನನಗೆ ಆ 66 ಸಾಲುಗಳೇ ನೆನಪಾಗುತ್ತವೆ. ಮುಂದಿನ ಪುಟಕ್ಕೆ ಹೋಗಲು ಹತ್ತು ಹನ್ನೆರಡು ಬಾರಿ ಎಂಟರ್ ಒತ್ತಿರುತ್ತಾರೆ. ಅಂಕಗಳನ್ನು ಬಲಗಡೆ ತರಲು ಸ್ಪೇಸ್‌ಬಾರ್ ಒತ್ತಿರುತ್ತಾರೆ. ಅವರ ಲ್ಯಾಪ್‌ಟಾಪಿನಲ್ಲಿ ಚೆಂದ ಕಾಣುತ್ತದೆ. ಬೇರೆಡೆ ತೆರೆದರೆ ಹೊಂದಿಸಿ ಬರೆಯಿರಿ ಪ್ರಶ್ನೆಯ 'ಅ' ಪಟ್ಟಿ ಒಂದು ಪುಟದಲ್ಲಿ, 'ಬ' ಪಟ್ಟಿ ಇನ್ನೊಂದರಲ್ಲಿ. ಪುಟ ಒಡೆಯಲು 'ಪೇಜ್ ಬ್ರೇಕ್' ಇದೆ, ಬಲಕ್ಕೆ ಸರಿಸಲು 'ಟ್ಯಾಬ್' ಇದೆ. ಜಾಗ ಎಣಿಸುವುದನ್ನು ಬಿಟ್ಟು ನಮ್ಮ ಉದ್ದೇಶವನ್ನು ಯಂತ್ರಕ್ಕೆ ಹೇಳಬೇಕು, ಇಷ್ಟೇ ಪಾಠ.

ಕನ್ನಡದ್ದೇ ಒಂದು ತೊಡಕು

ಕನ್ನಡದಲ್ಲಿ ಬೆರಳಚ್ಚು ಮಾಡುವ ನಮಗೆ ಇನ್ನೊಂದು ಕಷ್ಟವಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕುಳಿತಿರುತ್ತವೆ. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ತಲೆಯ ಮೇಲೆ ಚಿಹ್ನೆ ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಆದರೆ ನೀವು ಬಳಸಿದ ಫಾಂಟ್ ಅಲ್ಲಿಲ್ಲದಿದ್ದರೆ ಗಣಕ ಬೇರೊಂದನ್ನು ಆರಿಸಿಕೊಳ್ಳುತ್ತದೆ. ಹಳೆಯ ವಿಂಡೋಸಿನ ತುಂಗಾ, ಹೊಸ ವಿಂಡೋಸಿನ ನಿರ್ಮಲಾ, ಗೂಗಲಿನ ನೋಟೊ: ಅಕ್ಷರದ ಅಗಲ ಒಂದೊಂದರಲ್ಲೂ ಬೇರೆ. ಸಾಲುಗಳು ಹಿಗ್ಗಿ ಕುಗ್ಗಿ, ಒಂದು ಪುಟದ ಪ್ರಶ್ನೆಪತ್ರಿಕೆ ಒಂದೂವರೆ ಪುಟವಾಗುತ್ತದೆ. ಅಕ್ಷರ ಕೆಡುವುದು ಒಂದು ಸಮಸ್ಯೆ, ಜೋಡಣೆ ಕೆಡುವುದು ಇನ್ನೊಂದು. ಎರಡಕ್ಕೂ ಮದ್ದು, ಫಾಂಟ್ ಒಳಗೇ ಅಡಕವಾಗಿರುವಂತೆ ಪಿಡಿಎಫ್ ಮಾಡಿ ಅದನ್ನೇ ಅಂಗಡಿಗೆ ಒಯ್ಯುವುದು. ಕಡತದ ವಿವರಗಳಲ್ಲಿ ಫಾಂಟುಗಳ ಪಟ್ಟಿ ತೆರೆದು ನೋಡಿದರೆ ಅಡಕವಾಗಿದೆಯೇ ಎಂದು ತಿಳಿಯುತ್ತದೆ.

ಬೇರೆ ವಿಷಯದ ಮಿತ್ರರು ಇದು ಗಣಿತದವರ ಗೋಳು ಎಂದುಕೊಳ್ಳಬಾರದು. ಸಮಾಜ ವಿಜ್ಞಾನದ ನಕಾಶೆಯಲ್ಲಿ "1 ಸೆಂ.ಮೀ. = 10 ಕಿ.ಮೀ." ಎಂದು ಬರೆದಿದ್ದರೆ, ಹಾಳೆ ಕುಗ್ಗಿದ ಕ್ಷಣ ಆ ಮಾತು ಸುಳ್ಳಾಗುತ್ತದೆ. ಅದೇ ನಕಾಶೆಯ ಮೂಲೆಯಲ್ಲಿ ಗೆರೆಯ ಅಳತೆಪಟ್ಟಿ ಎಳೆದಿದ್ದರೆ, ನಕಾಶೆಯೊಂದಿಗೆ ಅದೂ ಅಷ್ಟೇ ಕುಗ್ಗಿ ನಿಜವಾಗಿಯೇ ಉಳಿಯುತ್ತದೆ. ವಿಜ್ಞಾನದ ಪತ್ರಿಕೆಯಲ್ಲಿ "ಕೆಂಪು ಭಾಗವನ್ನು ಹೆಸರಿಸಿ" ಎಂದು ಕೇಳಿ ಕಪ್ಪುಬಿಳುಪಿನಲ್ಲಿ ಪ್ರತಿ ತೆಗೆಸಿದರೆ ಕೆಂಪೂ ಹಸಿರೂ ಒಂದೇ ಬೂದಿ ಬಣ್ಣವಾಗಬಹುದು. ಗೀಟು, ಚುಕ್ಕಿಗಳಿಂದ ತುಂಬಿಸಿ ಅಕ್ಷರದ ಗುರುತು ಹಾಕಿದರೆ ಯಾವ ಪ್ರಿಂಟರಿಗೂ ಅಂಜಬೇಕಿಲ್ಲ.

ಆಕ್ಷೇಪಗಳು

ಇದನ್ನು ವಿಭಾಗದ ಸಭೆಯಲ್ಲಿ ಹೇಳಿದಾಗ ಮೂರು ಆಕ್ಷೇಪ ಬಂದವು. ಮೂರರಲ್ಲೂ ಹುರುಳಿದೆ.

ಮೊದಲನೆಯದು: ಪ್ರಶಿಕ್ಷಣಾರ್ಥಿಗಳಿಗೆ ಈಗಾಗಲೇ ಕೆಲಸ ಹೆಚ್ಚು, ದಾಖಲೆ ಪುಸ್ತಕಗಳ ರಾಶಿಗೆ ಇದೊಂದು ಬೇಡ. ಒಪ್ಪುತ್ತೇನೆ. ನಾನು ಹೊಸ ದಾಖಲೆ ಕೇಳುತ್ತಿಲ್ಲ. 42 ಪ್ರತಿ ತೆಗೆಸುವ ಮೊದಲು ಒಂದು ಪ್ರತಿ ತೆಗೆಸಿ ಸ್ಕೇಲ್ ಇಟ್ಟು ನೋಡುವುದು ಒಂದು ನಿಮಿಷದ ಕೆಲಸ. ಅದನ್ನು ಬಿಟ್ಟಿದ್ದರಿಂದ ನಮಗೆ 42 ಪತ್ರಿಕೆಗಳನ್ನು ಮತ್ತೆ ತಿದ್ದುವ ಕೆಲಸ ಬಿತ್ತು.

ಎರಡನೆಯದು: ಅಳತೆಯಲ್ಲಿ ಸ್ವಲ್ಪ ವಿನಾಯಿತಿ ಕೊಟ್ಟರೆ ಸಾಕಲ್ಲ? ಸಾಲದು. 1 ಮಿ.ಮೀ. ವಿನಾಯಿತಿ ಇರುವುದು ಮಗುವಿನ ಕೈ ನಡುಗುವುದಕ್ಕೆ, ಕಣ್ಣು ಓರೆಯಾಗುವುದಕ್ಕೆ. ಅದು ಚಿಕ್ಕ ಗೆರೆಗೂ ದೊಡ್ಡ ಗೆರೆಗೂ ಹೆಚ್ಚುಕಡಿಮೆ ಒಂದೇ. ಹಾಳೆಯ ತಪ್ಪು ಗೆರೆಯೊಂದಿಗೆ ಬೆಳೆಯುತ್ತದೆ. 12 ಸೆಂ.ಮೀ. ಗೆರೆಗೆ 5 ಮಿ.ಮೀ. ವಿನಾಯಿತಿ ಕೊಟ್ಟರೆ ಅಳತೆ ಬಾರದ ಮಗುವೂ ಪಾಸಾಗುತ್ತದೆ. ಆಗ ಆ ಪ್ರಶ್ನೆ ಕೇಳಿ ಏನು ಬಂತು?

ಮೂರನೆಯದು: ಇದು ತಂತ್ರಜ್ಞರ ವಿಷಯ, ನಮ್ಮದಲ್ಲ. ಇದನ್ನು ಮಾತ್ರ ನಾನು ಒಪ್ಪಲಾರೆ. ಎರಡು ವರ್ಷದ ಬಿ.ಎಡ್. ಬಂದಾಗ ಎನ್‌ಸಿಟಿಇ ಪಠ್ಯಕ್ರಮ ಚೌಕಟ್ಟು ಮಾಹಿತಿ ಸಂವಹನ ತಂತ್ರಜ್ಞಾನವನ್ನು 'ವಿಮರ್ಶಾತ್ಮಕವಾಗಿ ಅರಿಯುವುದು' ಎಂದು ಒಂದು ಪತ್ರಿಕೆಯನ್ನೇ ಇಟ್ಟಿತು. ಅಲ್ಲಿ ನಾವು ಸ್ಲೈಡ್ ಮಾಡಿಸುತ್ತೇವೆ, ವಿಡಿಯೊ ತೋರಿಸುತ್ತೇವೆ. ಬಹುಪಾಲು ಶಾಲೆಗಳಲ್ಲಿ ಆ ಇಡೀ ತಂತ್ರಜ್ಞಾನದಿಂದ ಮಗುವಿನ ಕೈಗೆ ಬಂದು ಸೇರುವುದು ಒಂದು ಅಚ್ಚಾದ ಹಾಳೆ. ಅದನ್ನು ವಿಮರ್ಶಾತ್ಮಕವಾಗಿ ನೋಡದಿದ್ದರೆ ಇನ್ನಾವುದನ್ನು ನೋಡುವುದು?

ನನ್ನ ಸಲಹೆಗಳು

ಪುಟದ ಅಳತೆ ಎ4 ಎಂದು ಟೈಪು ಮಾಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಸುತ್ತಲೂ ಕನಿಷ್ಠ 2 ಸೆಂ.ಮೀ. ಅಂಚು ಬಿಡಿ, ಆಗ ಅಳತೆ ಕುಗ್ಗಿಸದೆ ಅಚ್ಚು ಹಾಕಿದರೂ ಏನೂ ಕತ್ತರಿಸಿಹೋಗುವುದಿಲ್ಲ. ಪಿಡಿಎಫ್ ಮಾಡಿ, ಅಂಗಡಿಯಲ್ಲಿ "ಫಿಟ್ ಬೇಡ, ಆಕ್ಚುಯಲ್ ಸೈಜ್ ಹಾಕಿ" ಎಂದು ಬಾಯಿಬಿಟ್ಟು ಕೇಳಿ.

ಅಳತೆ ಇರುವ ಪ್ರತಿ ಪತ್ರಿಕೆಯ ಬುಡದಲ್ಲಿ 10 ಸೆಂ.ಮೀ. ಉದ್ದದ ಒಂದು ಪರೀಕ್ಷಾ ಗೆರೆ ಎಳೆಯಿರಿ. ಮೊದಲ ಪ್ರತಿ ಬಂದ ಕೂಡಲೇ ಅದರ ಮೇಲೆ ಸ್ಕೇಲ್ ಇಡಿ. 10 ಇಲ್ಲದಿದ್ದರೆ ಉಳಿದ ಪ್ರತಿ ತೆಗೆಸಬೇಡಿ.

ಮಾದರಿ ಉತ್ತರವನ್ನು ಪರದೆ ನೋಡಿ ಬರೆಯಬೇಡಿ. ಮಕ್ಕಳಿಗೆ ಹೋಗುವ ಕಟ್ಟಿನಿಂದಲೇ ಒಂದು ಹಾಳೆ ತೆಗೆದು, ಮಕ್ಕಳ ಸ್ಕೇಲಿನಿಂದಲೇ ಅಳೆದು ಬರೆಯಿರಿ. ಬೇರೇನೂ ಮಾಡಲಾಗದಿದ್ದರೂ ಇದೊಂದನ್ನು ಮಾಡಿ. ಹಾಳೆ ಹೇಗೇ ಬಂದಿರಲಿ, ಮಗುವಿಗೆ ಅನ್ಯಾಯವಾಗುವುದಿಲ್ಲ.

ಮಾರ್ಗದರ್ಶಕರಾದ ನಮಗೂ ಒಂದು ಮಾತು. ಪ್ರಶಿಕ್ಷಣಾರ್ಥಿ ತೋರಿಸುವ ಮೊದಲ ಪ್ರತಿಗೆ ಸಹಿ ಹಾಕುವ ರೂಢಿ ಬಿಡೋಣ. ಮಕ್ಕಳಿಗೆ ಕೊಡುವ ಕಟ್ಟಿನಿಂದ ಒಂದನ್ನು ಎಳೆದು ನೋಡಿ ಅದಕ್ಕೆ ಸಹಿ ಹಾಕೋಣ. ಘಟಕ ಪರೀಕ್ಷೆಯ ಮೌಲ್ಯಮಾಪನದಲ್ಲಿ ನೀಲನಕ್ಷೆಗೆ, ಪ್ರಶ್ನೆಗಳ ಗುಣಮಟ್ಟಕ್ಕೆ ಅಂಕವಿರುವಂತೆ ಅಚ್ಚಾದ ಹಾಳೆಯ ತಪಾಸಣೆಗೂ ಒಂದೆರಡು ಅಂಕ ಇರಲಿ.

ಕೊನೆಯದಾಗಿ, ಇಡೀ ತರಗತಿ ಒಂದೇ ರೀತಿ ತಪ್ಪಿದಾಗ ಮೊದಲು ಮಕ್ಕಳನ್ನು ಶಂಕಿಸಬೇಡಿ. ಪ್ರಶ್ನೆಯನ್ನೂ ಹಾಳೆಯನ್ನೂ ಶಂಕಿಸಿ.

ನಮ್ಮ ಪ್ರಶಿಕ್ಷಣಾರ್ಥಿ ಮರುದಿನ ಶಾಲೆಗೆ ಹೋಗಿ, ಮಕ್ಕಳ ಮುಂದೆ ನಿಂತು, "ನೀವು ಅಳೆದದ್ದು ಸರಿ, ನಾನು ಕೊಟ್ಟ ಹಾಳೆ ತಪ್ಪಿತ್ತು" ಎಂದಳು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅಂಕಗಳನ್ನು ಹಾಳೆಯ ನಿಜವಾದ ಅಳತೆಯಂತೆ ಮತ್ತೆ ಹಾಕಿದ್ದಳು. 10 ಎಂದು ಬರೆದವರ ಅಂಕ ಕೀಳುವುದು ಬೇಡವೆಂದು ತೀರ್ಮಾನಿಸಿದ್ದೆವು. ಅವರಿಗೆ ಊಹೆ ಕಲಿಸಿದವರು ನಾವೇ ತಾನೆ. ಆಮೇಲೆ ಎರಡೂ ಹಾಳೆಗಳನ್ನು ಗುಂಪಿಗೊಂದರಂತೆ ಕೊಟ್ಟು ಅಳೆಯಲು ಹೇಳಿದಳು. ಗೆರೆಗಳು ಕುಗ್ಗಿದ್ದವು. "ಕೋನವೂ ಕುಗ್ಗಿದೆಯಾ ನೋಡಿ" ಎಂದಳು. ಕೋನಮಾಪಕ ಇಟ್ಟು ನೋಡಿದರು. ಕೋನ ಹಾಗೆಯೇ ಇತ್ತು. ಆರನೆಯ ತರಗತಿಯ ಮಕ್ಕಳು ಮುಂದೆ ಪ್ರೌಢಶಾಲೆಯಲ್ಲಿ ಬರುವ ಸಮರೂಪತೆಯ ಬಾಗಿಲಿಗೆ ಬಂದು ನಿಂತಿದ್ದರು.

ಆ ಹುಡುಗಿ, ಅಳಿಸಿ 10 ಬರೆದವಳು, ಕುಗ್ಗಿದ ಹಾಳೆಯ ಮೇಲೆ ಸ್ಕೇಲ್ ಇಟ್ಟು ಇನ್ನೊಮ್ಮೆ ಅಳೆದಳು. ಈ ಬಾರಿ 9.6 ಎಂದು ಬರೆದು, ಅಳಿಸಲಿಲ್ಲ.